ಓಟದ ನಾಯಿಗೆ ಹದಿನಾಲ್ಕು ದಿನ ರಜೆ

ನಾಯಿಗೆ ಶಸ್ತ್ರಚಿಕಿತ್ಸೆ ಮಾಡುವುದು ಪಶುವೈದ್ಯರ ಕೆಲಸ. ಸಾಮಾನ್ಯ ಶಸ್ತ್ರಚಿಕಿತ್ಸೆಯಾದರೆ ತಾಸೊತ್ತಿನಲ್ಲಿ ಮುಗಿದೀತು. ಆ ನಾಯಿಯನ್ನು ಮುಂದೆ 14 ದಿನ ಜಿಗಿಯದಂತೆ, ಓಡದಂತೆ, ಹೊಲಿಗೆ ನೆಕ್ಕದಂತೆ ಕಾಯುವುದು ಮನೆಯವರ ಕೆಲಸ. ಎರಡರಲ್ಲಿ ಯಾವುದು ಕಷ್ಟ? ಒಮ್ಮೆ ಕಾದು ನೋಡಿದವರು ಯೋಚಿಸದೆ ಉತ್ತರ ಹೇಳುತ್ತಾರೆ.

ಹನುಮಸಾಗರದ ಕಡೆ ಈ ಕಷ್ಟ ಒಂದು ತೂಕ ಹೆಚ್ಚೇ. ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಈ ಊರಿನ ಸುತ್ತಮುತ್ತ ಗುಡ್ಡ, ಜೋಳ-ಸಜ್ಜೆಯ ಹೊಲ, ಕುರಿಹಟ್ಟಿ. ಕುರಿ ಇದ್ದಲ್ಲಿ ನಾಯಿ ಇರಲೇಬೇಕು. ನೆರೆಯ ಬಾಗಲಕೋಟೆ ಜಿಲ್ಲೆಯ ಮುಧೋಳ ತನ್ನ ಹೆಸರನ್ನೇ ಒಂದು ನಾಯಿ ತಳಿಗೆ ಕೊಟ್ಟ ಊರು. ಅಪ್ಪಟ ತಳಿ ಅಲ್ಲದಿದ್ದರೂ ಅದರ ರಕ್ತದ ಪಾಲು ಪಡೆದ, ನೀಳ ಕಾಲಿನ, ಸಣ್ಣ ಸೊಂಟದ, ಉದ್ದ ಮೂತಿಯ ನಾಯಿಗಳು ಈ ಸೀಮೆಗೆ ಹೊಸವಲ್ಲ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಅವರು ಐದನೇ ಜಾರ್ಜ್ ದೊರೆಗೆ ಈ ನಾಯಿಗಳನ್ನು ಕಾಣಿಕೆ ಕೊಟ್ಟ ಕಥೆ ಪ್ರಸಿದ್ಧ. 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಚಿತ್ರದ ಅಂಚೆಚೀಟಿ ತಂದಿತು. 2016ರಲ್ಲಿ ಇದರ ಮರಿಗಳು ತರಬೇತಿಗಾಗಿ ಮೀರತ್‌ನ ಸೇನಾ ಕೇಂದ್ರಕ್ಕೂ ಹೋದವು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಈ ತಳಿಗೆಂದೇ ಒಂದು ಸಂಶೋಧನಾ ಕೇಂದ್ರ ನಡೆಸುತ್ತಿದೆ.

ಇಷ್ಟೆಲ್ಲ ಕೀರ್ತಿ ಬಂದಿದ್ದು ಓಟದಿಂದ. ಓಡುವುದಕ್ಕೆಂದೇ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ ಪ್ರಾಣಿ ಇದು. ಅದಕ್ಕೆ ‘ಸುಮ್ಮನೆ ಮಲಗು’ ಎಂದು ಹೇಳುವುದು ಹೇಗೆ?

ನಾಯಿಗೆ ಯಾಕೆ ಶಸ್ತ್ರಚಿಕಿತ್ಸೆ ಎಂದು ಮೂಗು ಮುರಿಯುವವರೂ ಉಂಟು. ಹೆಣ್ಣು ನಾಯಿಗೆ ಸಂತಾನಹರಣ, ಗಂಡಿಗೆ ಬೀಜ ತೆಗೆಸುವುದು ಈಗ ಹಳ್ಳಿಗಳಿಗೂ ಹೊಸತಲ್ಲ. ವಯಸ್ಸಾದ ಹೆಣ್ಣು ನಾಯಿಯ ಗರ್ಭಕೋಶದಲ್ಲಿ ಕೀವು ತುಂಬಿದರೆ ಅದನ್ನು ತೆಗೆಯದೆ ಬೇರೆ ದಾರಿ ಇರುವುದು ಅಪರೂಪ. ಮುಳ್ಳುತಂತಿಗೆ ಸಿಕ್ಕು ಹರಿದ ಚರ್ಮ, ಮೋಟಾರ್ ಸೈಕಲ್ಲಿಗೆ ಸಿಕ್ಕು ಮುರಿದ ಕಾಲು, ಕಾಡುಹಂದಿಯ ಕೋರೆಗೆ ಸೀಳಿದ ಪಕ್ಕೆ, ಇವೂ ಬೇಕಾದಷ್ಟು. (ಮೊಲದ ಬೇಟೆಗೆ ನಾಯಿ ಬಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ ಎಂಬುದು ಮನೆಯ ಹುಡುಗರಿಗೆ ಗೊತ್ತಿದ್ದರೆ ಅರ್ಧ ಗಾಯಗಳು ತಪ್ಪಿಯಾವು.)

ಹಂದಿಯ ಜೊತೆ ಕಾದಾಡಿ ಸತ್ತ ನಾಯಿಗೆ ಕನ್ನಡ ನಾಡಿನಲ್ಲಿ ವೀರಗಲ್ಲೇ ಇದೆ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಅದು, ಕ್ರಿ.ಶ. 950ರ ಸುಮಾರಿನದು. ಗಂಗರ ಬೂತುಗ ದೊರೆ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ ಏನು ಬೇಕೆಂದು ಕೇಳಿದಾಗ, ಆತ ಕೇಳಿದ್ದು ದೊರೆಯ ಬೇಟೆನಾಯಿ ಕಾಳಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿತ್ತು, ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಕಾಳಿಗೆ ಹೊಲಿಗೆ ಹಾಕುವವರು ಇರಲಿಲ್ಲ. ಇಂದಿನ ಕಾಳಿಗಳಿಗೆ ಹೊಲಿಗೆ ಹಾಕುವವರಿದ್ದಾರೆ. ಆ ಹೊಲಿಗೆ ಉಳಿಸುವವರು ಬೇಕು.

ಹೊರಗೆ ವಾಸಿ, ಒಳಗೆ ಹಸಿ

ಶಸ್ತ್ರಚಿಕಿತ್ಸೆಯಾದ ಮೊದಲ ದಿನ ನಾಯಿ ಮಂಕಾಗಿರುತ್ತದೆ. ಮನೆಮಂದಿಗೆಲ್ಲ ಕನಿಕರ. ಎರಡನೇ ದಿನ ಬಾಲ ಆಡಿಸುತ್ತದೆ. ಮೂರನೇ ದಿನ ರೊಟ್ಟಿ ಕೇಳುತ್ತದೆ. ನಾಲ್ಕನೇ ದಿನ ಬೀದಿಯಲ್ಲಿ ಆಡು ಹಾಯ್ದರೆ ಕಟ್ಟೆಯಿಂದ ಜಿಗಿಯುತ್ತದೆ. “ನಾಯಿ ಆರಾಮಾಗೇತಿ, ಬಿಚ್ಚಿಬಿಡ್ರಿ” ಎನ್ನುವ ಮಾತು ಬರುವುದು ಆಗಲೇ. ಅಪಾಯ ಶುರುವಾಗುವುದೂ ಆಗಲೇ.

ಯಾಕೆಂದರೆ ಗಾಯ ಮಾಯುವ ಲೆಕ್ಕವೇ ಬೇರೆ. ಮೊದಲ ನಾಲ್ಕೈದು ದಿನ ಗಾಯದ ಎರಡು ಅಂಚುಗಳನ್ನು ಹಿಡಿದಿರುವುದು ನೂಲು ಮಾತ್ರ. ದೇಹ ಆಗಿನ್ನೂ ಸತ್ತ ಜೀವಕೋಶಗಳನ್ನು, ರೋಗಾಣುಗಳನ್ನು ಗುಡಿಸಿ ಹೊರಹಾಕುವ ಕೆಲಸದಲ್ಲಿರುತ್ತದೆ. ಆಮೇಲೆ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನು ಹೆಣೆದುಕೊಳ್ಳತೊಡಗುತ್ತದೆ. ಚರ್ಮ 10ರಿಂದ 14 ದಿನಕ್ಕೆ ಕೂಡಿಕೊಂಡಂತೆ ಕಾಣುತ್ತದೆ, ಹೊಲಿಗೆ ಬಿಚ್ಚುತ್ತಾರೆ. ಆದರೆ ಮೂರು ವಾರ ಕಳೆದರೂ ಗಾಯದ ಜಾಗಕ್ಕೆ ಬಂದಿರುವ ಬಲ ಮೊದಲಿನದರಲ್ಲಿ ಸುಮಾರು ಐದನೇ ಒಂದು ಪಾಲು. ತಿಂಗಳುಗಳು ಉರುಳಿದರೂ ಪೂರ್ತಿ ಬಲ ಮರಳುವುದಿಲ್ಲ, ಶೇಕಡಾ 80ರ ಹತ್ತಿರ ಬಂದು ನಿಲ್ಲುತ್ತದೆ. ಮೂಳೆಯ ಮಾತಾದರೆ ಇನ್ನೂ ನಿಧಾನ. ಎಳೆಯ ನಾಯಿಗೆ ತಿಂಗಳು ಒಂದೂವರೆ, ಬೆಳೆದದ್ದಕ್ಕೆ ಎರಡು ಮೂರು ತಿಂಗಳು ಬೇಕಾಗುತ್ತದೆ.

ಹೊಟ್ಟೆಯ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಿಗೆ ಕಾಣುವ ಹೊಲಿಗೆಯ ಕೆಳಗೆ ಕಾಣದ ಇನ್ನೊಂದು ಹೊಲಿಗೆ ಇರುತ್ತದೆ. ಹೊಟ್ಟೆಯ ಗೋಡೆಯನ್ನು ಹಿಡಿದಿರುವುದು ಅದೇ. ನಾಯಿ ಹೊರಸಿನಿಂದ ಧುಮುಕಿದಾಗ ಕರುಳಿನ ಭಾರವೆಲ್ಲ ಅದರ ಮೇಲೆ ಬೀಳುತ್ತದೆ. ಒಳಹೊಲಿಗೆ ಬಿಟ್ಟರೆ ಚರ್ಮದ ಕೆಳಗೆ ಮೆತ್ತಗೆ ಉಬ್ಬು ಕಾಣುತ್ತದೆ. ಹೊರಹೊಲಿಗೆಯೂ ಬಿಟ್ಟರೆ ಕರುಳೇ ಹೊರಗೆ ಬರಬಹುದು. ಹಾಗಾದರೆ ಕೈಯಿಂದ ಒಳಗೆ ತುರುಕಬಾರದು. ಕಾಯಿಸಿ ಆರಿಸಿದ ನೀರಿನಲ್ಲಿ ನೆನೆಸಿದ ಸ್ವಚ್ಛ ಬಟ್ಟೆಯನ್ನು ಹೊಟ್ಟೆಗೆ ಸುತ್ತಿ, ನಾಯಿ ಕಚ್ಚದಂತೆ ತಲೆ ಹಿಡಿದು, ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ ಒಯ್ಯಬೇಕು. ತಡ ಮಾಡಿದ ಪ್ರತಿ ತಾಸೂ ನಾಯಿಯ ಜೀವಕ್ಕೆ ತಟ್ಟುತ್ತದೆ.

ನಾಯಿಗೆ ಈ ಲೆಕ್ಕ ಯಾವುದೂ ಗೊತ್ತಿಲ್ಲ. ನೋವು ಇಳಿಯಿತೆಂದರೆ ಅದರ ಪಾಲಿಗೆ ಎಲ್ಲ ಮುಗಿಯಿತು. ನೋವಿನ ಔಷಧಿ ಚೆನ್ನಾಗಿ ಕೆಲಸ ಮಾಡಿದಷ್ಟೂ ಅದು ಹೆಚ್ಚು ಜಿಗಿಯುತ್ತದೆ. ಹಾಗೆಂದು ನೋವಿನ ಔಷಧಿ ನಿಲ್ಲಿಸಿದರೆ ಸುಮ್ಮನಿರುತ್ತದೆ ಎಂಬ ಲೆಕ್ಕಾಚಾರವೂ ತಪ್ಪು. ನೋಯುವ ನಾಯಿ ಮಲಗುವುದಿಲ್ಲ, ಚಡಪಡಿಸುತ್ತದೆ.

ಮೊದಲ ರಾತ್ರಿ

ನೀಳ ದೇಹದ ಓಟದ ನಾಯಿಗಳ ಬಗ್ಗೆ ಅರಿವಳಿಕೆ ಕೊಡುವ ಮೊದಲೇ ವೈದ್ಯರಿಗೆ ಒಂದು ಮಾತು ನೆನಪಿಸುವುದು ಒಳ್ಳೆಯದು. ಇಂಗ್ಲೆಂಡಿನ ಗ್ರೇಹೌಂಡ್ ನಾಯಿಗಳಿಗೆ ಥಯೋಪೆಂಟೋನ್ ಎಂಬ ಹಳೆಯ ಅರಿವಳಿಕೆ ಔಷಧಿ ಕೊಟ್ಟರೆ ಎಚ್ಚರವಾಗುವುದು ಬಹಳ ತಡ. ಮೈಯಲ್ಲಿ ಕೊಬ್ಬು ಕಡಿಮೆ, ಯಕೃತ್ತು ಆ ಔಷಧಿಯನ್ನು ಕರಗಿಸುವುದೂ ನಿಧಾನ. ಮುಧೋಳ ನಾಯಿಯದೂ ಅದೇ ಮೈಕಟ್ಟು. ತಿಳಿದ ವೈದ್ಯರು ಬೇರೆ ಔಷಧಿ ಬಳಸುತ್ತಾರೆ. ಮಾಲೀಕರು ತಳಿಯ ಹೆಸರು ಹೇಳಿದರೆ ಸಾಕು.

ಕೊಬ್ಬಿಲ್ಲದ ಮೈಗೆ ಅರಿವಳಿಕೆಯ ನಂತರ ಚಳಿಯೂ ಬೇಗ ಹಿಡಿಯುತ್ತದೆ. ಅಜ್ಜಿಯ ಹಳೆಯ ಕೌದಿ ಇಲ್ಲಿ ಕೆಲಸಕ್ಕೆ ಬರುತ್ತದೆ. ನೆಲಕ್ಕೊಂದು ಹಾಸಿ, ಮೇಲೊಂದು ತೆಳ್ಳಗೆ ಹೊದಿಸಬಹುದು. ಏಪ್ರಿಲ್-ಮೇ ತಿಂಗಳ ಬಿಸಿಲಾದರೆ ಹೊದಿಕೆ ಬೇಡ, ನೆರಳು, ಗಾಳಿ ಮತ್ತು ಹತ್ತಿರದಲ್ಲೇ ನೀರು ಬೇಕು.

ಆ ರಾತ್ರಿ ನಾಯಿ ತೂರಾಡುತ್ತದೆ, ಕುಂಯ್‌ಗುಟ್ಟುತ್ತದೆ, ಒಮ್ಮೊಮ್ಮೆ ಮನೆಯವರ ಗುರುತೇ ಸಿಗದಂತೆ ದಿಟ್ಟಿಸುತ್ತದೆ. ಅಮಲು ಇಳಿಯದ ನಾಯಿ ಮೆತ್ತನೆಯ ಸ್ವಭಾವದ್ದಾದರೂ ಬಾಯಿ ಹಾಕಬಹುದು. ಚಿಕ್ಕ ಮಕ್ಕಳು ತಬ್ಬಿಕೊಳ್ಳಲು ಹೋಗದಂತೆ ಹಿರಿಯರು ನೋಡಿಕೊಳ್ಳಬೇಕು. ಪೂರ್ತಿ ಎಚ್ಚರವಾದ ಮೇಲೆ ಮೊದಲು ಸ್ವಲ್ಪ ನೀರು, ಅದು ನಿಂತರೆ ಎಂದಿನ ಊಟದ ಕಾಲುಭಾಗ. ಹೊಟ್ಟೆತುಂಬ ತಿನ್ನಿಸುವ ಪ್ರೀತಿ ಮರುದಿನಕ್ಕಿರಲಿ.

ತುಟಿ ಎತ್ತಿ ಒಸಡು ನೋಡುವುದನ್ನು ಮನೆಯ ವಿದ್ಯಾರ್ಥಿಗೆ ಒಪ್ಪಿಸಬಹುದು. ಗುಲಾಬಿ ಬಣ್ಣವಿದ್ದರೆ ಸರಿ. ಬಿಳಿಚಿಕೊಂಡಿದ್ದರೆ ಒಳಗೆ ರಕ್ತ ಹೋಗುತ್ತಿರಬಹುದು, ಬೆಳಗಿನವರೆಗೆ ಕಾಯಬಾರದು. ನಿದ್ದೆಯಲ್ಲಿರುವ ನಾಯಿಯ ಎದೆ ನಿಮಿಷಕ್ಕೆ 30ಕ್ಕಿಂತ ಹೆಚ್ಚು ಸಲ ಏರಿಳಿದರೂ ವೈದ್ಯರಿಗೆ ಹೇಳಬೇಕು. ಗಡಿಯಾರ ನೋಡಿ ಎಣಿಸಿ, ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದಿಟ್ಟರೆ ವಿಜ್ಞಾನದ ಪ್ರಾಯೋಗಿಕ ಪಾಠಕ್ಕಿಂತ ಇದೇನೂ ಕಡಿಮೆಯಲ್ಲ.

ಕಣ್ಣಿಗೆ ತೆರೆ, ಮೂಗಿಗೆ ಕೆಲಸ

“ಕಟ್ಟಿ ಹಾಕಿದ್ರ ಮುಗೀತಲ್ಲ?” ಎಂದು ಅಪ್ಪ ಕೇಳುವುದು ಸಹಜ. ಮುಗಿಯುವುದಿಲ್ಲ. ಅಂಗಳದ ಬೇವಿನ ಗಿಡಕ್ಕೆ ಉದ್ದ ಸರಪಳಿ ಹಾಕಿ ಕಟ್ಟಿದ ನಾಯಿ ಬೀದಿಯಲ್ಲಿ ಹೋಗುವ ಪ್ರತಿ ಕೋಳಿಗೂ ಸರಪಳಿ ತುದಿಯವರೆಗೆ ನುಗ್ಗಿ, ಕುತ್ತಿಗೆ ಜಗ್ಗಿಸಿಕೊಂಡು, ಹಿಂಗಾಲ ಮೇಲೆ ಎದ್ದು ನಿಲ್ಲುತ್ತದೆ. ಬಿಟ್ಟಿದ್ದರೆ ಒಂದು ಸಲ ಓಡುತ್ತಿದ್ದದ್ದು ಕಟ್ಟಿದ್ದಕ್ಕೆ ನೂರು ಸಲ ಜಗ್ಗುತ್ತದೆ.

ನಾಯಿಗಳಲ್ಲಿ ಮೂಗಿನಿಂದ ಬೇಟೆ ಹುಡುಕುವವು ಒಂದು ಬಗೆ, ಕಣ್ಣಿನಿಂದ ಹಿಡಿಯುವವು ಇನ್ನೊಂದು ಬಗೆ. ಮುಧೋಳದ್ದು ಎರಡನೆಯ ಗುಂಪು. ದೂರದಲ್ಲಿ ಏನಾದರೂ ಅಲುಗಿದರೆ ಸಾಕು, ಅದರ ಕಾಲು ತಾನಾಗಿ ಏಳುತ್ತದೆ. ಇಂಥ ನಾಯಿಯ ಕಾಲು ಕಟ್ಟಬೇಕಾದರೆ ಮೊದಲು ಕಣ್ಣಿಗೆ ಕಾಣುವುದನ್ನು ಕಡಿಮೆ ಮಾಡಬೇಕು. ಬೀದಿ ಕಾಣುವ ಪಡಸಾಲೆಗಿಂತ ಒಳಮನೆಯ ಮೂಲೆ ಲೇಸು. ಬಾಗಿಲಿಗೆ ಹಳೆಯ ಸೀರೆಯೊಂದನ್ನು ಇಳಿಬಿಟ್ಟರೂ ಆದೀತು. ಕಿಟಕಿಯ ಕೆಳಭಾಗಕ್ಕೆ ರಟ್ಟು ಕಟ್ಟಬಹುದು. ಕೋಳಿ, ಬೆಕ್ಕು, ಆಡಿನ ಮರಿಗಳನ್ನು ಎರಡು ವಾರ ಹಿತ್ತಲಿಗೆ ಕಳಿಸಿದರೆ ಅರ್ಧ ಯುದ್ಧ ಗೆದ್ದಂತೆ.

ಪೇಟೆಯ ಮನೆಗಳಲ್ಲಿ ತಂತಿಯ ಪಂಜರ ತರುತ್ತಾರೆ. ಹಳ್ಳಿಯ ಮನೆಯಲ್ಲಿ ಅದಿಲ್ಲದಿದ್ದರೂ ಚಿಂತೆಯಿಲ್ಲ. ಎರಡು ಗೋಡೆ ಕೂಡುವ ಮೂಲೆಯಲ್ಲಿ ಜೋಳದ ಚೀಲಗಳನ್ನು ಎದೆಮಟ್ಟ ಒಟ್ಟಿ, ಬಾಯಿಗೆ ಒಂದು ಹೊರಸನ್ನು ಅಡ್ಡ ನಿಲ್ಲಿಸಿ ಅಲುಗದಂತೆ ಕಟ್ಟಿದರೆ ಸಾಕು. ಒಳಗೆ ನಾಯಿ ಎದ್ದು ತಿರುಗಿ ಮಲಗುವಷ್ಟು ಜಾಗ ಬೇಕು, ಓಡಿ ಜಿಗಿಯುವಷ್ಟು ಬೇಡ. ಹೊರಸನ್ನು ಹಾರುವ ನಾಯಿಯಾದರೆ ಈ ಉಪಾಯ ನಡೆಯದು, ಬಾಗಿಲಿರುವ ಸಣ್ಣ ಕೋಣೆಯೇ ಬೇಕು. ಇಳಕಲ್ಲಿನ ನುಣುಪು ಕಲ್ಲು ಹಾಸಿದ ಮನೆಯಾದರೆ ನೋಡಲು ಚೆಂದ, ನಾಯಿಯ ಕಾಲಿಗೆ ಶತ್ರು. ಜಾರಿ ಹಿಂಗಾಲು ಅಗಲಿಸಿದರೆ ಹೊಟ್ಟೆಯ ಹೊಲಿಗೆ ಎಳೆಯುತ್ತದೆ. ಓಡಾಡುವ ದಾರಿಗೆಲ್ಲ ಗೋಣಿತಟ್ಟು ಹಾಸಬೇಕು.

ಕಣ್ಣಿಗೆ ತೆರೆ ಎಳೆದು ಬಿಟ್ಟುಬಿಟ್ಟರೆ ನಾಯಿಗೆ ಬೇಸರ. ಬೇಸರದ ನಾಯಿ ಮೊದಲು ಬೊಗಳುತ್ತದೆ, ಆಮೇಲೆ ಗೋಡೆ ಕೆರೆಯುತ್ತದೆ, ಕೊನೆಗೆ ಹೊಲಿಗೆಗೆ ಬಾಯಿ ಹಾಕುತ್ತದೆ. ಕಾಲಿಗೆ ಕೊಡದ ಕೆಲಸವನ್ನು ಮೂಗಿಗೆ, ನಾಲಿಗೆಗೆ ಕೊಡಬೇಕು. ದಿನದ ರೊಟ್ಟಿಯನ್ನು ಒಂದೇ ಸಲ ತಟ್ಟೆಗೆ ಹಾಕುವ ಬದಲು ಸಣ್ಣ ಚೂರು ಮಾಡಿ, ಮಡಿಕೆ ಮಾಡಿದ ಗೋಣಿತಟ್ಟಿನ ಒಳಗೆ ಅಲ್ಲಲ್ಲಿ ಅಡಗಿಸಿಡಬಹುದು. ಮಲಗಿದಲ್ಲೇ ಮೂಸಿ, ಮಡಿಕೆ ಬಿಡಿಸಿ, ಒಂದೊಂದೇ ಚೂರು ಹೆಕ್ಕಿ ತಿನ್ನಲು ಅದಕ್ಕೆ ಸಾಕಷ್ಟು ಹೊತ್ತು ಹಿಡಿಯುತ್ತದೆ. ಅಗಲ ತಟ್ಟೆಗೆ ತೆಳ್ಳಗೆ ಮೊಸರು ಸವರಿ ಇಟ್ಟರೆ ನೆಕ್ಕುತ್ತ ಕೂರುತ್ತದೆ. ಮೂಸುವುದು, ನೆಕ್ಕುವುದು, ಅಗಿಯುವುದು ನಾಯಿಯನ್ನು ತಣ್ಣಗಾಗಿಸುತ್ತವೆ. ಇಂಥ ಒಂದು ಪಾಳಿ ಮುಗಿಸಿದ ನಾಯಿ ಬಹುಮಟ್ಟಿಗೆ ಮಲಗಿಬಿಡುತ್ತದೆ.

ಏನು ಕೊಡಬಾರದು ಎಂಬುದೂ ಗೊತ್ತಿರಲಿ. ಬೇಯಿಸಿದ ಎಲುಬು ಚೂಪಾಗಿ ಒಡೆದು ಕರುಳಿಗೆ ಚುಚ್ಚುತ್ತದೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಹಾಳು ಮಾಡುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ. ನಿನ್ನೆಯ ಸಾರಿನಲ್ಲಿ ರೊಟ್ಟಿ ಕಲಸಿ ಹಾಕುವಾಗ ಅದರಲ್ಲಿ ಏನೇನಿದೆ ನೋಡಿಕೊಳ್ಳಬೇಕು.

ಮೂತ್ರಕ್ಕೆ, ಮಲಕ್ಕೆ ದಿನಕ್ಕೆ ನಾಲ್ಕು ಸಲ ಹೊರಗೆ ಕರೆದೊಯ್ಯಲೇಬೇಕು. ಗಿಡ್ಡ ಹಗ್ಗ, ಕುತ್ತಿಗೆಗಿಂತ ಎದೆಗೆ ಕಟ್ಟುವ ಪಟ್ಟಿ, ಪ್ರತಿ ಸಲ ಐದು ನಿಮಿಷ. ಬೀದಿನಾಯಿಗಳು ಎದ್ದು ತಿರುಗುವ ಮುಂಚೆ ನಸುಕಿನಲ್ಲಿ ಒಮ್ಮೆ, ರಾತ್ರಿ ಊರು ಮಲಗಿದ ಮೇಲೆ ಒಮ್ಮೆ ಹೋದರೆ ಜಗಳ ತಪ್ಪುತ್ತದೆ.

ಪಾವ್ಲೋವ್ ಕಂಡ ಹಟಮಾರಿ

ಹೈಸ್ಕೂಲು ಮಕ್ಕಳಿಗೆ ಪಾವ್ಲೋವ್ ಹೆಸರು ಗೊತ್ತು. ಗಂಟೆ ಬಾರಿಸಿದರೆ ನಾಯಿಯ ಬಾಯಲ್ಲಿ ಜೊಲ್ಲು. ರಷ್ಯದ ಇವಾನ್ ಪಾವ್ಲೋವ್ 1904ರಲ್ಲಿ ನೊಬೆಲ್ ಪಡೆದದ್ದು ಮಾತ್ರ ಆ ಗಂಟೆಗಲ್ಲ, ಜೀರ್ಣಕ್ರಿಯೆಯ ಸಂಶೋಧನೆಗೆ. ಆತ ಕೈಚಳಕದ ಶಸ್ತ್ರವೈದ್ಯ. ಶಸ್ತ್ರಚಿಕಿತ್ಸೆಯಾದ ನಾಯಿ ಬದುಕಿ, ಗುಣವಾಗಿ, ವರ್ಷಗಟ್ಟಲೆ ಆರೋಗ್ಯವಾಗಿದ್ದರಷ್ಟೇ ಆತನ ಪ್ರಯೋಗ ನಡೆಯುತ್ತಿತ್ತು. ಅದಕ್ಕಾಗಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನಾಯಿಗಳಿಗೆಂದೇ ಮನುಷ್ಯರ ಆಸ್ಪತ್ರೆಯಷ್ಟು ಚೊಕ್ಕವಾದ ಶಸ್ತ್ರಚಿಕಿತ್ಸಾ ವಿಭಾಗ ಕಟ್ಟಿಸಿಕೊಂಡಿದ್ದ. ಆ ನಾಯಿಗಳ ಬದುಕು ಸುಖದ್ದಾಗಿತ್ತು ಎಂದು ಹೇಳಲಾಗದು. ಆದರೆ ಅವುಗಳನ್ನು ಆತ ನೋಡಿದಷ್ಟು ಹತ್ತಿರದಿಂದ ನೋಡಿದವರು ಕಡಿಮೆ.

ಒಂದು ನಾಯಿಗೆ ಮೇದೋಜೀರಕ ಗ್ರಂಥಿಯ ರಸ ಹೊಟ್ಟೆಯ ಹೊರಗೆ ಒಸರುವಂತೆ ಶಸ್ತ್ರಚಿಕಿತ್ಸೆ ಮಾಡಿದ್ದರು. ಆ ರಸ ಸುತ್ತಲಿನ ಚರ್ಮವನ್ನೇ ತಿಂದು ಹುಣ್ಣು ಮಾಡುತ್ತಿತ್ತು. ಒಂದು ಬೆಳಿಗ್ಗೆ ನೋಡಿದರೆ ಶಿಸ್ತಿನ ಆ ನಾಯಿ ಗೋಡೆಯ ಗಾರೆ ಕಿತ್ತು ಗುಡ್ಡೆ ಹಾಕಿತ್ತು. ಬೇರೆ ಕಡೆ ಕಟ್ಟಿದರು, ಅಲ್ಲೂ ಕಿತ್ತಿತು. ಆಮೇಲೆ ಗಮನಿಸಿದರೆ, ನಾಯಿ ಆ ಗಾರೆಯ ಪುಡಿಯ ಮೇಲೆ ಮಲಗುತ್ತಿತ್ತು, ರಸವನ್ನು ಪುಡಿ ಹೀರಿಕೊಂಡು ಹುಣ್ಣು ಮಾಯುತ್ತಿತ್ತು. ದಾಂಧಲೆ ಎಂದು ಬೈದಿದ್ದು ಅದರ ಚಿಕಿತ್ಸೆಯಾಗಿತ್ತು. ನಿಮ್ಮ ನಾಯಿ ಗೋಡೆ ಕೆರೆದರೆ ಅದೂ ಚಿಕಿತ್ಸೆ ಎಂದು ತಿಳಿಯಬೇಕಿಲ್ಲ. ಆದರೆ ದಿಢೀರನೆ ಶುರುವಾದ ಚಡಪಡಿಕೆಗೆ ಬೈಯುವ ಮೊದಲು ಗಾಯವನ್ನೊಮ್ಮೆ ನೋಡಬೇಕು. ಪಟ್ಟಿ ಬಿಗಿಯಾಗಿದೆಯೋ, ಇರುವೆ ಹತ್ತಿದೆಯೋ, ಮೂತ್ರ ಕಟ್ಟಿದೆಯೋ?

ಇನ್ನೊಂದು ನಾಯಿಯ ಕಥೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಸ್ನೇಹಮಯಿ, ಚುರುಕು ನಾಯಿ. ಆದರೆ ಪ್ರಯೋಗದ ಚೌಕಟ್ಟಿನಲ್ಲಿ ಪಟ್ಟಿ ಹಾಕಿ ನಿಲ್ಲಿಸಿದರೆ ಸಾಕು, ಒದ್ದಾಟ, ಏದುಸಿರು, ನಿಲ್ಲದ ಜೊಲ್ಲು. ದಿನ ಕಳೆದಂತೆ ಒಗ್ಗಿಕೊಂಡೀತೆಂದು ಕಾದರು. ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಪಾವ್ಲೋವ್ 1917ರಲ್ಲಿ ಇದಕ್ಕೆ ಸ್ವಾತಂತ್ರ್ಯದ ಪ್ರತಿವರ್ತನೆ ಎಂದು ಹೆಸರಿಟ್ಟ. ಕಟ್ಟು ಸಹಿಸದಿರುವುದು ಹಸಿವಿನಷ್ಟೇ ಹುಟ್ಟುಗುಣ ಎಂಬುದು ಆತನ ಮಾತಿನ ತಾತ್ಪರ್ಯ. ಪರಿಹಾರ? ನಾಯಿಗೆ ಊಟವನ್ನು ಆ ಚೌಕಟ್ಟಿನಲ್ಲಿ ಮಾತ್ರ ಕೊಡತೊಡಗಿದರು. ಮೊದಮೊದಲು ಅರೆಬರೆ ತಿಂದು ಸೊರಗಿತು. ನಿಧಾನಕ್ಕೆ ಪೂರ್ತಿ ತಿನ್ನತೊಡಗಿತು. ತಿಂಗಳುಗಳ ಮೇಲೆ ಚೌಕಟ್ಟಿನಲ್ಲೇ ಶಾಂತವಾಗಿ ನಿಂತಿತು.

ಗುಣವಾಗುವ ನಾಯಿಯನ್ನು ಸೊರಗಿಸಲಾಗದು, ಅಷ್ಟು ತಿಂಗಳೂ ಇಲ್ಲ. ಆದರೆ ಯೋಜಿತ ಶಸ್ತ್ರಚಿಕಿತ್ಸೆಯಾದರೆ ಮೊದಲಿನ ಎರಡು ವಾರ ಇದೆಯಲ್ಲ? ಸಂತಾನಹರಣಕ್ಕೆ ದಿನ ಗೊತ್ತು ಮಾಡಿದ ಕೂಡಲೇ ಆ ಜೋಳದ ಚೀಲದ ಮೂಲೆ ಸಿದ್ಧವಾಗಬೇಕು. ಊಟ ಅಲ್ಲೇ, ಮೊಸರಿನ ತಟ್ಟೆ ಅಲ್ಲೇ, ತುರಿಸುವ ಉಪಚಾರ ಅಲ್ಲೇ. ಬಾಗಿಲು ತೆರೆದೇ ಇರಲಿ, ತಾನಾಗಿ ಹೋಗಿ ಮಲಗಲಿ. ಹೊಲಿಗೆ ಬಿದ್ದ ದಿನ ಆ ಮೂಲೆ ಅದಕ್ಕೆ ಸೆರೆಮನೆಯಾಗಿ ಕಾಣುವುದಿಲ್ಲ, ಪರಿಚಿತ ಹಾಸಿಗೆಯಾಗಿ ಕಾಣುತ್ತದೆ. ಆ ಸಿದ್ಧತೆಯಿಲ್ಲದೆ ಶಸ್ತ್ರಚಿಕಿತ್ಸೆಯ ದಿನವೇ ತಂದು ಕೂಡಿಹಾಕುವುದು ಬಹಳ ಮನೆಗಳಲ್ಲಿ ಆಗುವ ಎಡವಟ್ಟು.

ನಾಲಿಗೆ ಮದ್ದಲ್ಲ

“ನಾಯಿ ನಾಲಿಗೇನ ಅದಕ್ಕ ಮದ್ದು” ಎಂಬ ಮಾತು ಅಜ್ಜಿಯಂದಿರದು. ಅದರಲ್ಲಿ ಒಂದು ಗುಲಗಂಜಿಯಷ್ಟು ನಿಜವಿದೆ. ನಾಯಿಯ ಜೊಲ್ಲಿಗೆ ಕೆಲವು ರೋಗಾಣುಗಳನ್ನು ಕೊಲ್ಲುವ ಶಕ್ತಿ ಸ್ವಲ್ಪ ಮಟ್ಟಿಗೆ ಉಂಟು. ಆದರೆ ಅದೇ ಬಾಯಲ್ಲಿ ಬೇರೆ ರೋಗಾಣುಗಳ ಸಂತೆಯೇ ಇದೆ. ಒರಟು ನಾಲಿಗೆ ಗಾಯದ ಅಂಚನ್ನು ಬಿಡಿಸುತ್ತದೆ, ಮುಂಬಲ್ಲು ಗಂಟನ್ನು ಬಿಚ್ಚುತ್ತದೆ. ಓಟದ ನಾಯಿಯ ಚರ್ಮವೋ ತೀರ ತೆಳು. ಮನೆಯವರು ಒಂದು ಚಹಾ ಕುಡಿದು ಬರುವಷ್ಟರಲ್ಲಿ ಹೊಲಿಗೆ ಹೋದೀತು.

ಕುತ್ತಿಗೆಗೆ ಹಾಕುವ ಪ್ಲಾಸ್ಟಿಕ್ ಕೊಳವೆಯಂಥ ಪಟ್ಟಿ ಸಿಕ್ಕರೆ ಅದೇ ಒಳ್ಳೆಯದು. ಸಿಗದಿದ್ದರೆ ತಳ ಕತ್ತರಿಸಿದ ಹಗುರ ಬಕೆಟ್ಟಿನ ಅಂಚಿಗೆ ಬಟ್ಟೆ ಸುತ್ತಿ ಕಟ್ಟುವುದುಂಟು. ಹೊಟ್ಟೆಯ ಗಾಯಕ್ಕೆ ಮಕ್ಕಳ ಹಳೆಯ ಬನಿಯನ್ನೂ ನಡೆಯುತ್ತದೆ. ತೋಳಿನಲ್ಲಿ ಮುಂಗಾಲು ತೂರಿಸಿ, ಕೆಳತುದಿಯನ್ನು ಬೆನ್ನ ಮೇಲೆ ಗಂಟು ಹಾಕಿದರಾಯಿತು. ಒದ್ದೆಯಾದರೆ ಬದಲಿಸಬೇಕು. ಗಾಯಕ್ಕೆ ಅರಿಶಿನ, ಸುಣ್ಣ, ಎಣ್ಣೆ, ಬೂದಿ ಯಾವುದೂ ಬೇಡ. ಹೊಲಿಗೆ ಹಾಕಿದ ಗಾಯ ಒಣಗಿರಬೇಕು, ಸ್ನಾನವೂ ಇಲ್ಲ.

ಮಾತ್ರೆಯ ವಿಷಯದಲ್ಲಿ ಮಾತ್ರ ಸಲುಗೆಯೇ ಸಲ್ಲದು. ಮನೆಯಲ್ಲಿ ಜ್ವರಕ್ಕೆಂದು ಇಟ್ಟ ಪ್ಯಾರಾಸಿಟಮಾಲ್ ಅಳತೆ ತಪ್ಪಿದರೆ ನಾಯಿಯ ಯಕೃತ್ತಿಗೆ ಪೆಟ್ಟು, ಮೈಕೈ ನೋವಿನ ಇಬುಪ್ರೊಫೆನ್ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತದೆ. ಡೈಕ್ಲೊಫೆನಾಕ್ ಅಂತೂ 2006ರಿಂದ ಭಾರತದಲ್ಲಿ ಪಶುಗಳಿಗೆ ನಿಷಿದ್ಧ. ಆ ಔಷಧಿ ಪಡೆದು ಸತ್ತ ದನಗಳನ್ನು ತಿಂದ ರಣಹದ್ದುಗಳ ಸಂತತಿಯೇ ಕುಸಿದುಹೋದದ್ದು ಅದಕ್ಕೆ ಕಾರಣ. ನಾಯಿಗೆಂದು ವೈದ್ಯರು ಬರೆದ ಔಷಧಿ, ಬರೆದ ಅಳತೆ, ಬರೆದಷ್ಟು ದಿನ.

ಶಾಂತವಾಗಿಸುವ ಮಾತ್ರೆ ಇಲ್ಲವೇ? ಇದೆ. ಟ್ರಾಜೊಡೋನ್, ಗ್ಯಾಬಾಪೆಂಟಿನ್ ಎಂಬವನ್ನು ಪಶುವೈದ್ಯರು ಬಳಸುತ್ತಾರೆ. ಇಲ್ಲೊಂದು ಸ್ವಾರಸ್ಯವಿದೆ. ಅಮೆರಿಕದ ಸಂಶೋಧಕರು ಮೂಳೆ ಶಸ್ತ್ರಚಿಕಿತ್ಸೆಯಾದ 36 ನಾಯಿಗಳಿಗೆ ಟ್ರಾಜೊಡೋನ್ ಕೊಟ್ಟು ನೋಡಿದ ವರದಿ 2014ರಲ್ಲಿ ಬಂತು. ಹತ್ತರಲ್ಲಿ ಒಂಬತ್ತು ಮಾಲೀಕರು ‘ನಾಯಿ ಶಾಂತವಾಗಿದೆ’ ಎಂದಿದ್ದರು. ಅದೇ ತಂಡದವರು ಆಮೇಲೆ ಕೆಲವು ನಾಯಿಗಳಿಗೆ ನಿಜವಾದ ಔಷಧಿ, ಕೆಲವಕ್ಕೆ ಹುಸಿಮಾತ್ರೆ ಕೊಟ್ಟು, ಯಾರಿಗೆ ಯಾವುದು ಎಂದು ಮಾಲೀಕರಿಗೆ ತಿಳಿಸದೆ ಪರೀಕ್ಷಿಸಿದರು. 2017ರ ಆ ವರದಿಯಲ್ಲಿ ಎರಡು ಗುಂಪಿನ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಔಷಧಿ ದಂಡ ಎಂದು ಇದರ ಅರ್ಥವಲ್ಲ. ಪಟಾಕಿಗೆ ಬೆದರುವ, ಕಟ್ಟಿದರೆ ಗೋಡೆಗೆ ತಲೆ ಚಚ್ಚಿಕೊಳ್ಳುವ ನಾಯಿಗೆ ಅದು ಬೇಕಾಗಬಹುದು. ವಿಜ್ಞಾನ ಓದುವ ಮಕ್ಕಳು ಮಾತ್ರ ಈ ಎರಡು ವರದಿಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು. ಮೊದಲನೆಯದರಲ್ಲಿ ಹೋಲಿಕೆಗೆ ಇನ್ನೊಂದು ಗುಂಪೇ ಇರಲಿಲ್ಲ.

ಯಾರ ಪಾಳಿ ಯಾವಾಗ?

ಶಸ್ತ್ರಚಿಕಿತ್ಸೆಗೆ ದಿನ ಆರಿಸುವಾಗ ಮನೆಯ ಕ್ಯಾಲೆಂಡರ್ ತೆಗೆಯಬೇಕು. ದೀಪಾವಳಿ, ಜಾತ್ರೆ, ಮನೆಯ ಮದುವೆ ಇವುಗಳ ಆಸುಪಾಸು ಬೇಡ. ಕಡುಬೇಸಿಗೆಯೂ ಬೇಡ. ಸುಗ್ಗಿಯಲ್ಲಿ ಎಲ್ಲರೂ ಹೊಲಕ್ಕೆ ಹೋಗುವ ದಿನಗಳಲ್ಲಿ ನಾಯಿ ನೋಡುವವರು ಯಾರು? ದಸರಾ ರಜೆ ಅನುಕೂಲ. ರಜೆ ಸಿಗದೆ ಪರೀಕ್ಷೆಯ ಕಾಲದಲ್ಲೇ ಬಂದರೂ ಉಪಾಯವಿಲ್ಲದೆ ಇಲ್ಲ. ಓದುವ ಮಕ್ಕಳು ನಾಯಿಯ ಮೂಲೆಯ ಪಕ್ಕದಲ್ಲೇ ಚಾಪೆ ಹಾಕಿಕೊಂಡರೆ ಅದಕ್ಕೆ ಅಷ್ಟೇ ಸಾಕು. ಮನೆಯವರ ಉಸಿರು ಹತ್ತಿರವಿದ್ದರೆ ನಾಯಿ ಎದ್ದು ಹುಡುಕುವುದಿಲ್ಲ. ಗಟ್ಟಿಯಾಗಿ ಓದುವ ಪಾಠವೂ ಅದಕ್ಕೆ ಜೋಗುಳವೇ. ಸುಮ್ಮನೆ ಕೂತಿರು ಎಂದು ಹೇಳಿಸಿಕೊಳ್ಳುವ ಕಷ್ಟ ಇಬ್ಬರಿಗೂ ಗೊತ್ತು.

ದೊಡ್ಡವರು ಒಂದು ಕೆಲಸ ತಮ್ಮ ಕೈಯಲ್ಲೇ ಇಟ್ಟುಕೊಳ್ಳಬೇಕು. ದಿನಕ್ಕೆರಡು ಸಲ ಬೆಳಕಿನಲ್ಲಿ ಗಾಯ ನೋಡುವುದು. ಅಂಚು ತುಸು ಕೆಂಪು, ತುಸು ಊತ ಮೊದಲ ಎರಡು ಮೂರು ದಿನ ಸಹಜ. ದಿನದಿನಕ್ಕೆ ಹೆಚ್ಚುವ ಊತ, ಕೀವು, ದುರ್ನಾತ, ಬಿಟ್ಟ ಹೊಲಿಗೆ, 24 ತಾಸು ಊಟ ಮುಟ್ಟದಿರುವುದು, ಮೇಲಿಂದ ಮೇಲೆ ವಾಂತಿ, ಇವು ಸಹಜವಲ್ಲ. ಬೇಸಿಗೆಯಲ್ಲಿ ನೊಣ ಕೂತು ಹುಳ ಬೀಳುವುದೂ ಉಂಟು. ಹತ್ತಿರದ ಪಶು ಆಸ್ಪತ್ರೆಯವರಿಗೆ ಆಗದ ಕೆಲಸವಾದರೆ ಜಿಲ್ಲಾ ಕೇಂದ್ರ ಕೊಪ್ಪಳಕ್ಕೋ, ಪಶುವೈದ್ಯಕೀಯ ಕಾಲೇಜಿರುವ ಗದಗಕ್ಕೋ ಹೋಗಬೇಕಾದೀತು. ಯಾವ ಊರು, ಯಾರ ವಾಹನ ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆ ಇದೆ. ಅದು ಮುಖ್ಯವಾಗಿ ದನಕರುಗಳಿಗೆಂದು ಬಂದದ್ದು, ಆದರೂ ಕೇಳಿ ನೋಡಲು ಅಡ್ಡಿಯಿಲ್ಲ.

ಹದಿನಾಲ್ಕನೇ ದಿನ ಹೊಲಿಗೆ ಬಿಚ್ಚಿಸಿಕೊಂಡು ಬಂದ ನಾಯಿಯನ್ನು ಸೀದಾ ಹೊಲಕ್ಕೆ ಬಿಡುವ ಆಸೆ ಎಲ್ಲರಿಗೂ. ಒಳಗಿನ ಬಲ ಇನ್ನೂ ಐದನೇ ಒಂದು ಪಾಲೂ ಇಲ್ಲ ಎಂಬುದು ನೆನಪಿದೆ ತಾನೇ? ಮೂರನೇ ವಾರ ಹಗ್ಗದ ಮೇಲೆ ಹತ್ತು ನಿಮಿಷದ ನಡಿಗೆ, ನಾಲ್ಕನೇ ವಾರ ಅರ್ಧ ತಾಸು. ಮೂಳೆ ಶಸ್ತ್ರಚಿಕಿತ್ಸೆಯಾದರೆ ವೈದ್ಯರು ಹೇಳುವವರೆಗೆ ಅದೂ ಇಲ್ಲ. ಮೊದಲ ಬಿಡುಓಟಕ್ಕೆ ರಂಟೆ ಹೊಡೆದು ಹದವಾದ ಎರೆಹೊಲ ಬೇಡ, ಕಾಲು ಹೂಳುತ್ತದೆ. ಕಲ್ಲಿಲ್ಲದ ಗಟ್ಟಿ ಬಯಲು ಸಾಕು, ಬೆಳಗಿನ ತಂಪು ಹೊತ್ತು, ಜೊತೆಗೆ ಬೇರೆ ನಾಯಿ ಇಲ್ಲದಂತೆ, ಐದು ನಿಮಿಷ. ಹಗ್ಗ ಕೈಯಲ್ಲೇ ಇರಲಿ.